ಖಾಲಿ ಹೊಟ್ಟೆಯ ಟೆಸ್ಟ್ ಇದ್ದರೆ ಹಿಂದಿನ ರಾತ್ರಿಯ ಲ್ಯಾಂಟಸ್ ಇನ್ಸುಲಿನ್ ಕೊಡಬೇಕಾ, ಬಿಡಬೇಕಾ? (ಮಗನಿಗೆ ಟೈಪ್ 1 ಶುಗರ್)

ಕಾರಟಗಿ_ಅಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ 12 ವರ್ಷ. ಟೈಪ್ 1 (ದೇಹದಲ್ಲಿ ಇನ್ಸುಲಿನ್ ತಯಾರಾಗದ ಮಧುಮೇಹ) ಅಂತ ಗೊತ್ತಾಗಿ 7 ತಿಂಗಳಾಯಿತು. ರಾತ್ರಿ 9ಕ್ಕೆ ಲ್ಯಾಂಟಸ್ 11 ಯೂನಿಟ್, ಮೂರು ಹೊತ್ತು ಊಟಕ್ಕೆ ಮುಂಚೆ ನೊವೊರಾಪಿಡ್ ಇನ್ಸುಲಿನ್ 4, 5, 4. ನಾವು ಇರುವುದು ಕಾರಟಗಿಯಲ್ಲಿ. ಮನೆಯವರು ರೈಸ್ ಮಿಲ್ಲಿನಲ್ಲಿ ಕೆಲಸ ಮಾಡುತ್ತಾರೆ. ಮಗನನ್ನು ನೋಡುವ ಡಾಕ್ಟರ್ ಬಳ್ಳಾರಿಯಲ್ಲಿದ್ದಾರೆ. ಬಸ್ಸಿಗೆ ಎರಡು ಗಂಟೆಯ ಮೇಲೇ ಹಿಡಿಯುತ್ತದೆ.

ಮುಂದಿನ ಬುಧವಾರ ಟೆಸ್ಟ್ ಇದೆ. ಚೀಟಿಯಲ್ಲಿ ಎಫ್‌ಬಿಎಸ್, ಪಿಪಿಬಿಎಸ್, ಎಚ್‌ಬಿಎ1ಸಿ, ಲಿಪಿಡ್, ಟಿಎಸ್‌ಎಚ್ ಅಂತ ಬರೆದಿದ್ದಾರೆ (ಖಾಲಿ ಹೊಟ್ಟೆಯ ಶುಗರ್, ಊಟದ ನಂತರದ ಶುಗರ್, ಕೆಲವು ತಿಂಗಳ ಸರಾಸರಿ ಶುಗರ್, ರಕ್ತದ ಕೊಬ್ಬು, ಥೈರಾಯ್ಡ್). ಗೋಧಿ ಅಲರ್ಜಿ ನೋಡಲಿಕ್ಕೆ ಟಿಟಿಜಿ ಅಂತ ಇನ್ನೊಂದು.

ನನಗೆ ಭಯ ಹುಟ್ಟಿದ್ದು ಹೋದ ಸಲದಿಂದ. ಆಗ ಒಂದು ಲ್ಯಾಬ್‌ಗೆ ಫೋನ್ ಮಾಡಿ ಕೇಳಿದ್ದೆ. "12 ತಾಸು ಏನೂ ತಿನ್ನಿಸಬೇಡಿ, ಮಾತ್ರೆ ಸೂಜಿ ಯಾವುದೂ ಬೇಡ" ಅಂದರು. ನಾನು ರಾತ್ರಿಯ ಸೂಜಿಯೂ ಬೇಡ ಅಂತ ತಿಳಿದುಕೊಂಡು ಲ್ಯಾಂಟಸ್ ಬಿಟ್ಟೆ. ರಾತ್ರಿ ನಾಲ್ಕು ಸಲ ನೀರಿಗೆ ಎದ್ದ. ಬೆಳಿಗ್ಗೆ ಗಂಗಾವತಿ ಬಸ್ ಸ್ಟ್ಯಾಂಡಿನಲ್ಲಿ ಮೊಬೈಲ್ ಟಾರ್ಚ್ ಹಿಡಿದು ಬೆರಳು ಚುಚ್ಚಿ ನೋಡಿದರೆ ಶುಗರ್ 392. ಕಂಪ್ಲಿ ಸೇತುವೆ ದಾಟಿದ ಮೇಲೆ ವಾಂತಿ ಶುರುವಾಯಿತು. ನನ್ನ ಸೆರಗಿನಲ್ಲೇ ಹಿಡಿದೆ. ಡಾಕ್ಟರ್ ಹತ್ತಿರ ಹೋಗುವಷ್ಟರಲ್ಲಿ ಮೂತ್ರದಲ್ಲಿ ಕೀಟೋನ್ ಬಂದಿತ್ತು. ಒಂದು ದಿನ ಡ್ರಿಪ್ ಹಾಕಿ ಇಟ್ಟುಕೊಂಡರು.

ಈಗ ನನ್ನ ಪ್ರಶ್ನೆ. ಲ್ಯಾಂಟಸ್ ಪೂರ್ತಿ ಕೊಡಬೇಕಾ, ಸ್ವಲ್ಪ ಕಡಿಮೆ ಮಾಡಬೇಕಾ? ಬೆಳಿಗ್ಗೆ ಏನೂ ತಿನ್ನದೆ ಎರಡು ಗಂಟೆ ಬಸ್ಸಿನಲ್ಲಿ ಕೂತರೆ ಶುಗರ್ ಇಳಿಯುವುದಿಲ್ಲವಾ? ಮುಂದಿನ ವಾರದವರೆಗೆ ಡಾಕ್ಟರ್ ಊರಲ್ಲಿಲ್ಲ. ನರ್ಸ್ ನಂಬರ್ ಇದೆ, ಆದರೆ ಕೇಳಲಿಕ್ಕೆ ಏನು ಕೇಳಬೇಕು ಅನ್ನುವುದೇ ಗೊತ್ತಾಗುತ್ತಿಲ್ಲ. ಅತ್ತೆ ಕೇಳುತ್ತಾರೆ, "ಕೂಸು ಉಣ್ಣದೇ ಇದ್ದ ಮೇಲೆ ಸೂಜಿ ಯಾಕವ್ವ?" ಅಂತ. ಅದಕ್ಕೂ ನನ್ನ ಹತ್ತಿರ ಉತ್ತರ ಇಲ್ಲ.

---

ಲಿಂಗಸುಗೂರಿನವಳು

ನಿಮ್ಮ ಅತ್ತೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅದು ಸರಿಯಾದ ಪ್ರಶ್ನೆ. ನಮ್ಮ ಅಜ್ಜಿಯೂ ಅದನ್ನೇ ಕೇಳುತ್ತಿದ್ದರು. ನನಗೂ 12ನೇ ವಯಸ್ಸಿಗೇ ಬಂತು, 2002ರಲ್ಲಿ. ಈಗ ರಾಯಚೂರಿನಲ್ಲಿ ಕೆಲಸದಲ್ಲಿದ್ದೇನೆ.

ಅತ್ತೆಗೆ ಹೀಗೆ ಹೇಳಿ. ಹಳ್ಳಿಯಲ್ಲಿ ಜೋಳ ತುಂಬಿಡುವ ಹಗೇವು ಇರುತ್ತಿತ್ತಲ್ಲ, ನಮ್ಮ ಲಿವರ್ ಹಾಗೆ. ಹೊರಗಿನಿಂದ ಊಟ ಬರದಿದ್ದಾಗ ಅದು ತನ್ನಲ್ಲಿ ಇಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ರಾತ್ರಿಯೆಲ್ಲ ಮಲಗಿದ್ದರೂ ಬಿಡುತ್ತಲೇ ಇರುತ್ತದೆ. ಹಗೇವಿನ ಬಾಯಿಯ ಹತ್ತಿರ ಎಷ್ಟು ತೆಗೆಯಬೇಕು ಅಂತ ಹೇಳುವವನು ಒಬ್ಬ ಬೇಕು. ಆ ಕೆಲಸ ಲ್ಯಾಂಟಸ್‌ನದು. ಅದು ಊಟದ ಸೂಜಿ ಅಲ್ಲವೇ ಅಲ್ಲ. ಊಟದ ಸೂಜಿ ನೊವೊರಾಪಿಡ್. ಊಟ ಇಲ್ಲದಿದ್ದರೆ ಅದನ್ನು ಬಿಡಬಹುದು, ಲ್ಯಾಂಟಸ್ ಬಿಡುವ ಹಾಗಿಲ್ಲ. ಬಿಟ್ಟರೆ ಲಿವರ್ ಸಕ್ಕರೆ ಸುರಿಯುತ್ತಲೇ ಹೋಗುತ್ತದೆ. ಅದನ್ನು ಬಳಸಲು ದೇಹಕ್ಕೆ ಆಗುವುದಿಲ್ಲ, ಹಾಗಾಗಿ ಕೊಬ್ಬು ಸುಡಲು ಶುರು ಮಾಡುತ್ತದೆ. ಅದರಿಂದ ಹುಟ್ಟುವ ಆಮ್ಲವೇ ಕೀಟೋನ್. ನಿಮ್ಮ ಮಗನಿಗೆ ಬಸ್ಸಿನಲ್ಲಿ ಆದದ್ದು ಇದೇ. ತಪ್ಪು ನಿಮ್ಮದಲ್ಲ ಅಮ್ಮ. "ಸೂಜಿ ಬೇಡ" ಅನ್ನುವ ಮಾತು ಟೈಪ್ 2 ಇರುವ ದೊಡ್ಡವರನ್ನು ಮನಸ್ಸಿನಲ್ಲಿಟ್ಟು ಹೇಳುವ ಮಾತು. ಅವರಿಗೂ ಎಲ್ಲರಿಗೂ ಅದು ಸರಿಯಲ್ಲ. ನಮಗಂತೂ ಅದು ಅಪಾಯ.

ಹಾಗಂತ ಇನ್ನೊಂದು ಕಡೆಯ ಅಪಾಯ ಇಲ್ಲ ಅಂತಲ್ಲ. ನೀವು ಕೇಳಿದ್ದು ಸರಿ, ಇಳಿಯಬಹುದು. ನನಗೆ ಆದದ್ದನ್ನು ಹೇಳುತ್ತೇನೆ.

ನಾನು ಪಿಯುಸಿಯಲ್ಲಿದ್ದೆ. ಆಗ ನನಗೆ ರಾತ್ರಿಗೆ ಎನ್‌ಪಿಎಚ್ ಇತ್ತು, ಹಾಲಿನ ಹಾಗೆ ಬೆಳ್ಳಗೆ ಇರುವ ಸೂಜಿ. ಅದು ಲ್ಯಾಂಟಸ್ ಹಾಗೆ ಒಂದೇ ಸಮ ಕೆಲಸ ಮಾಡುವುದಿಲ್ಲ. ಹಾಕಿದ 4ರಿಂದ 10 ಗಂಟೆಯ ನಡುವೆ ಅದರ ಜೋರು ಜಾಸ್ತಿ. ಬೆಳಿಗ್ಗೆ ಲ್ಯಾಬ್‌ಗೆ ಹೋದೆ, ಟೋಕನ್ 31 ಬಂತು. ಕುರ್ಚಿಯಲ್ಲಿ ಕೂತೆ. ಎದುರಿನ ಗೋಡೆಯ ಮೇಲೆ ಕ್ಯಾಲೆಂಡರ್ ಇತ್ತು. ಸ್ವಲ್ಪ ಹೊತ್ತಿಗೆ ಅದರ ಅಂಕಿಗಳು ಎರಡೆರಡಾಗಿ ಕಾಣತೊಡಗಿದವು. ಕುತ್ತಿಗೆಯ ಹಿಂದೆ ಬೆವರು ಇಳಿಯುತ್ತಿತ್ತು. ಚೀಟಿ ಹಿಡಿದ ಕೈ ನಡುಗಿ ಕಾಗದ ಪಟಪಟ ಅನ್ನುತ್ತಿತ್ತು. ನನ್ನ ಬ್ಯಾಗಿನಲ್ಲಿ ಗ್ಲುಕಾನ್-ಡಿ ಇತ್ತು. ಜಿಪ್ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದೆ, ತೆಗೆಯಲಿಲ್ಲ. ಯಾಕೆ ಗೊತ್ತಾ? ತಿಂದರೆ ಟೆಸ್ಟ್ ಕೆಡುತ್ತದೆ, ಅಪ್ಪನಿಗೆ ಮತ್ತೆ ಇನ್ನೊಂದು ದಿನ ರಜೆ ಹಾಕಬೇಕಾಗುತ್ತದೆ ಅಂತ. 26ನೇ ಟೋಕನ್ ಕರೆದದ್ದು ನೆನಪಿದೆ. ಆಮೇಲಿನದು ನೆನಪಿಲ್ಲ. ಯಾರೋ ಒಬ್ಬ ಹೆಂಗಸು ಬಾಯಿಗೆ ಸಕ್ಕರೆ ನೀರು ಹನಿಸುತ್ತಿದ್ದಳು. (ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ಅದು ಶ್ವಾಸನಾಳಕ್ಕೆ ಹೋಗಬಹುದು. ನನಗೆ ನುಂಗುವಷ್ಟು ಎಚ್ಚರ ಇತ್ತು, ಪುಣ್ಯ.) ಮೀಟರ್ ನೋಡಿದಾಗ 44.

ಅದಕ್ಕೇ ನಿಮ್ಮ ಮಗನಿಗೆ ಇವತ್ತೇ ಹೇಳಿಡಿ. 70ಕ್ಕಿಂತ ಕೆಳಗೆ ಬಂದರೆ ಟೆಸ್ಟ್ ಮುಗಿಯಿತು. ಸೂಜಿ ಚುಚ್ಚಲು ಎರಡೇ ನಿಮಿಷ ಬಾಕಿ ಇದ್ದರೂ ಅಷ್ಟೇ. ಮೂರು ಚಮಚ ಗ್ಲೂಕೋಸ್, ಅಂದರೆ ಸುಮಾರು 15 ಗ್ರಾಂ, ನೀರಿಗೆ ಹಾಕಿ ಕುಡಿಯಬೇಕು. 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. 70 ದಾಟದಿದ್ದರೆ ಇನ್ನೊಮ್ಮೆ. ಮಕ್ಕಳು ನನ್ನ ಹಾಗೆ ಅಪ್ಪ ಅಮ್ಮನ ಖರ್ಚು ನೆನೆದು ಸುಮ್ನೆ ಕೂತುಬಿಡುತ್ತಾರೆ. ಅವನು ಬಾಯಿ ಬಿಟ್ಟು ಹೇಳುವವರೆಗೆ ಕಾಯಬೇಡಿ, ನೀವೇ ಗಂಟೆಗೊಮ್ಮೆ ಚುಚ್ಚಿ ನೋಡಿ. ಬೆರಳು ಚುಚ್ಚುವುದರಿಂದ ಖಾಲಿ ಹೊಟ್ಟೆ ಕೆಡುವುದಿಲ್ಲ.

ಲ್ಯಾಂಟಸ್ 11 ಪೂರ್ತಿನಾ, ಕಡಿಮೆಯಾ? ಅದನ್ನು ನಾನು ಹೇಳಬಾರದು. ಆದರೆ ನರ್ಸ್ ಹತ್ತಿರ ಏನು ಕೇಳಬೇಕು ಅಂತ ಹೇಳಬಲ್ಲೆ. ಬುಧವಾರಕ್ಕೆ ಇನ್ನೂ ದಿನ ಇದೆ ಅಲ್ವಾ? ಮೂರು ರಾತ್ರಿ ಅವನಿಗೆ 7.30ಕ್ಕೆ ಊಟ ಮುಗಿಸಿ. ನೊವೊರಾಪಿಡ್ ಕೆಲಸ ಸುಮಾರು ನಾಲ್ಕು ಗಂಟೆಯಲ್ಲಿ ಮುಗಿಯುತ್ತದೆ. ಆದ್ದರಿಂದ ರಾತ್ರಿ 11.30ಕ್ಕೆ ಒಮ್ಮೆ, 3ಕ್ಕೆ ಒಮ್ಮೆ, ಬೆಳಿಗ್ಗೆ 6ಕ್ಕೆ ಒಮ್ಮೆ ನೋಡಿ ಬರೆದಿಡಿ. ನಿದ್ದೆ ಕೆಡುತ್ತದೆ, ನಿಜ. ಆದರೆ ಆ ಹೊತ್ತಿನಲ್ಲಿ ಒಳಗೆ ಲ್ಯಾಂಟಸ್ ಒಂದೇ ಇರುತ್ತದೆ. ರಾತ್ರಿಯಿಡೀ ಹೆಚ್ಚು ಕಡಿಮೆ 30, 40 ಅಂಕಿಯೊಳಗೆ ನಿಂತರೆ ಡೋಸ್ ಸರಿ ಇದೆ ಅಂತ. 170ರಿಂದ 90ಕ್ಕೆ ಜಾರಿದರೆ ಜಾಸ್ತಿ ಆಗಿದೆ ಅಂತ. ಆ ಅಂಕಿಗಳ ಫೋಟೋ ತೆಗೆದು ನರ್ಸ್‌ಗೆ ಕಳಿಸಿ, "ಟೆಸ್ಟ್ ಹಿಂದಿನ ರಾತ್ರಿ ಎಷ್ಟು ಕೊಡಲಿ, ಡಾಕ್ಟರನ್ನು ಕೇಳಿ ಹೇಳಿ" ಅನ್ನಿ. ಡಾಕ್ಟರ್ ಎಲ್ಲಿದ್ದರೂ ಎರಡು ನಿಮಿಷದಲ್ಲಿ ಹೇಳುವ ಮಾತು ಅದು. ನನಗೆ ಇಳಿಯುವ ರಾತ್ರಿಗಳಿದ್ದಾಗ ಡಾಕ್ಟರ್ ಹತ್ತರಲ್ಲಿ ಒಂದು ಪಾಲು ಕಡಿಮೆ ಮಾಡಿಸಿದ್ದರು. ಪೂರ್ತಿ ಬಿಡಿಸಿದ್ದು ಒಂದು ಸಲವೂ ಇಲ್ಲ.

ಬೆಳಿಗ್ಗೆ 250 ದಾಟಿದ್ದರೆ ಕೀಟೋನ್ ಸ್ಟ್ರಿಪ್ ಹಾಕಿ ನೋಡಿ. ಆಗ ಎಷ್ಟು ನೊವೊರಾಪಿಡ್ ಕೊಡಬಹುದು ಅನ್ನುವುದನ್ನೂ ಅದೇ ಫೋನಿನಲ್ಲಿ ಕೇಳಿಡಿ. ಖಾಲಿ ಹೊಟ್ಟೆ ಅಂದರೆ ಇನ್ಸುಲಿನ್ ಕೊಡಬಾರದು ಅಂತ ಅರ್ಥ ಅಲ್ಲ. ಕೀಟೋನ್ ಬಂದಿದ್ದರೆ, ಜೊತೆಗೆ ವಾಂತಿ ಇದ್ದರೆ ಲ್ಯಾಬ್ ಮರೆತುಬಿಡಿ, ಸೀದಾ ಆಸ್ಪತ್ರೆಗೆ ಹೋಗಿ.

ಇನ್ನೊಂದು ಮಾತು ಹೇಳದಿದ್ದರೆ ಮನಸ್ಸು ಕೇಳುವುದಿಲ್ಲ. ಆ ಮಗುವನ್ನು ಖಾಲಿ ಹೊಟ್ಟೆಯಲ್ಲಿ ಬಳ್ಳಾರಿವರೆಗೆ ಕರೆದುಕೊಂಡು ಹೋಗುವುದು ಯಾಕೆ? ಕಾರಟಗಿಯಲ್ಲೋ ಗಂಗಾವತಿಯಲ್ಲೋ ಬೆಳಿಗ್ಗೆ 7ಕ್ಕೆ ರಕ್ತ ಕೊಟ್ಟು, ಅಲ್ಲೇ ತಿಂಡಿ ತಿನ್ನಿಸಿ, ರಿಪೋರ್ಟ್ ತೆಗೆದುಕೊಂಡು ಹೋಗಬಹುದಲ್ವಾ?

---

ಬಳ್ಳಾರಿ_ಲ್ಯಾಬ್

ನಾನು ಲ್ಯಾಬ್ ಟೆಕ್ನಿಷಿಯನ್, 11 ವರ್ಷದಿಂದ ಇದೇ ಕೆಲಸ. ಮೊದಲು ಒಂದು ಮಾತು. ಫೋನಿನಲ್ಲಿ "ಸೂಜಿ ಬೇಡ" ಅನ್ನುವುದು ನಮ್ಮವರಿಂದ ಆಗುವ ದೊಡ್ಡ ತಪ್ಪು. ಇನ್ಸುಲಿನ್ ಬಗ್ಗೆ ಹೇಳುವ ಅಧಿಕಾರ ಲ್ಯಾಬ್‌ಗೆ ಇಲ್ಲ. ನಿಮ್ಮ ಮಗನಿಗೆ ಹಾಗಾದದ್ದು ಓದಿ ತುಂಬ ಬೇಜಾರಾಯಿತು.

ನಿಮ್ಮ ಚೀಟಿ ನೋಡಿ ಹೇಳುತ್ತೇನೆ. ಎಚ್‌ಬಿಎ1ಸಿ ಎರಡು ಮೂರು ತಿಂಗಳ ಸರಾಸರಿ. ಅದಕ್ಕೆ ಖಾಲಿ ಹೊಟ್ಟೆ ಬೇಕಿಲ್ಲ. ಟಿಎಸ್‌ಎಚ್ ಮತ್ತು ಟಿಟಿಜಿಗೂ ಬೇಕಿಲ್ಲ. (ಟಿಟಿಜಿ ಅಲರ್ಜಿಯ ಟೆಸ್ಟ್ ಅಲ್ಲ, ಗೋಧಿ ತಿಂದರೆ ಕರುಳು ಕೆಡುವ ಸೀಲಿಯಾಕ್ ಅನ್ನುವ ಕಾಯಿಲೆಯದು. ಟೈಪ್ 1 ಇರುವ ಮಕ್ಕಳಲ್ಲಿ ಅದು ಜಾಸ್ತಿ ಕಾಣುತ್ತದೆ. ಟೆಸ್ಟ್ ಇದೆ ಅಂತ ಚಪಾತಿ ಬಿಡಿಸಬೇಡಿ. ಗೋಧಿ ಬಿಟ್ಟರೆ ಕಾಯಿಲೆ ಇದ್ದರೂ ರಿಪೋರ್ಟಿನಲ್ಲಿ ಕಾಣದೆ ಹೋಗಬಹುದು.) ಉಳಿದದ್ದು ಲಿಪಿಡ್ ಮತ್ತು ಎಫ್‌ಬಿಎಸ್. ಲಿಪಿಡ್‌ಗೂ ಈಗ ಎಲ್ಲರಿಗೂ ಖಾಲಿ ಹೊಟ್ಟೆ ಬೇಕು ಅಂತಿಲ್ಲ. 2016ರಲ್ಲೇ ಯುರೋಪಿನ ತಜ್ಞರ ಸಂಘಗಳು ಹಾಗೆ ಹೇಳಿವೆ. ಊಟ ಮಾಡಿದ ಮೇಲೆ ಏರುವುದು ಮುಖ್ಯವಾಗಿ ಟ್ರೈಗ್ಲಿಸರೈಡ್ ಅನ್ನುವ ಕೊಬ್ಬು. ನಾವು ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಅನ್ನು ಎಷ್ಟೋ ಸಲ ಲೆಕ್ಕ ಹಾಕಿ ತೆಗೆಯುತ್ತೇವೆ. ಟ್ರೈಗ್ಲಿಸರೈಡ್ 400 ದಾಟಿದರೆ ಆ ಲೆಕ್ಕ ನಿಲ್ಲುವುದಿಲ್ಲ. ಆಗ ಮಾತ್ರ ಖಾಲಿ ಹೊಟ್ಟೆಯಲ್ಲಿ ಮತ್ತೆ ಮಾಡಿಸಿದರೆ ಆಯಿತು. ಇದನ್ನು ನಿಮ್ಮ ಡಾಕ್ಟರ್ ಒಪ್ಪಬೇಕು, ಕೇಳಿ ನೋಡಿ.

ಎಫ್‌ಬಿಎಸ್‌ಗೆ 8 ತಾಸು ಸಾಕು. ರಾತ್ರಿ 8ಕ್ಕೆ ಊಟ ಆಗಿ ಬೆಳಿಗ್ಗೆ 7ಕ್ಕೆ ರಕ್ತ ಕೊಟ್ಟರೆ 11 ತಾಸಾಯಿತು. ಅದಕ್ಕಿಂತ ಜಾಸ್ತಿ ಎಳೆಯುವುದರಿಂದ ಏನೂ ಲಾಭ ಇಲ್ಲ. ಬರೀ ನೀರು ಎಷ್ಟು ಬೇಕಾದರೂ ಕುಡಿಸಿ, ನರ ಸಿಗಲಿಕ್ಕೂ ಒಳ್ಳೆಯದು. ಚಹಾ ಬೇಡ, ಸಕ್ಕರೆ ಇಲ್ಲದ್ದೂ ಬೇಡ.

ಊರಲ್ಲೇ ರಕ್ತ ಕೊಡುವ ಮಾತಿಗೆ. ಕೊಡಬಹುದು, ಆದರೆ ಒಂದು ವಿಷಯ ಗಮನಿಸಿ. ಗ್ಲೂಕೋಸ್‌ಗೆ ಬೂದು ಮುಚ್ಚಳದ ಟ್ಯೂಬ್ ಇರುತ್ತದೆ. ಅದರಲ್ಲಿ ಫ್ಲೋರೈಡ್ ಇರುತ್ತದೆ. ಸಾದಾ ಟ್ಯೂಬಿನಲ್ಲಿ ರಕ್ತ ಹಾಗೇ ಇಟ್ಟರೆ ಅದರಲ್ಲಿನ ಕಣಗಳೇ ಸಕ್ಕರೆ ತಿನ್ನುತ್ತವೆ, ಗಂಟೆಗೆ 5ರಿಂದ 7 ಪರ್ಸೆಂಟ್ ಇಳಿಯುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ಬೇರೆ ಊರಿಗೆ ಸ್ಯಾಂಪಲ್ ಕಳಿಸುವ ಕಡೆ ಕೊಡುವುದಾದರೆ, ಎಫ್‌ಬಿಎಸ್ ಅಲ್ಲೇ ಮಾಡುತ್ತೀರಾ ಅಂತ ಕೇಳಿ. ಎಚ್‌ಬಿಎ1ಸಿ ನೇರಳೆ ಮುಚ್ಚಳದ ಟ್ಯೂಬ್, ಅದು ಫ್ರಿಜ್‌ನಲ್ಲಿ ಕೆಲವು ದಿನ ಕೆಡದೆ ಇರುತ್ತದೆ.

ಪಿಪಿಬಿಎಸ್ ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. ರಕ್ತ ಕೊಟ್ಟ ಕೂಡಲೇ ದಿನದ ಹಾಗೆ ನೊವೊರಾಪಿಡ್ ಕೊಟ್ಟು, ದಿನ ತಿನ್ನುವ ತಿಂಡಿಯನ್ನೇ ತಿನ್ನಿಸಿ. ಮೊದಲ ತುತ್ತಿನಿಂದ 2 ಗಂಟೆ ಎಣಿಸಿ. ಸೂಜಿ ಬಿಟ್ಟು ಪಿಪಿಬಿಎಸ್ ಮಾಡಿಸಿದರೆ ಬರುವ ಅಂಕಿಯಿಂದ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. ಡಬ್ಬಿ ಮನೆಯಿಂದಲೇ ತನ್ನಿ. ಹೋಟೆಲ್ಲಿನ ವಗ್ಗಾಣಿ ಮಿರ್ಚಿಗೆ ಎಷ್ಟು ಯೂನಿಟ್ ಅಂತ ಅಲ್ಲಿ ಕೂತು ಲೆಕ್ಕ ಹಾಕುವುದು ಕಷ್ಟ.

ಯಾರಾದರೂ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡನೇ ರಕ್ತ ತೆಗೆಯುತ್ತೇವೆ ಅಂದರೆ ಬೇಡ ಅನ್ನಿ. ಅದು ಶುಗರ್ ಇದೆಯೋ ಇಲ್ಲವೋ ಅಂತ ಹುಡುಕುವ ಟೆಸ್ಟ್. ಇವನಿಗೆ ಇರುವುದು ಗೊತ್ತೇ ಇದೆ.

ಮತ್ತೆ, ಕೌಂಟರ್‌ನಲ್ಲಿ ಜೋರಾಗಿಯೇ ಹೇಳಿ, "ಮಗುವಿಗೆ ಟೈಪ್ 1, ಇನ್ಸುಲಿನ್ ಮೇಲಿದ್ದಾನೆ, ಮೊದಲು ತೆಗೆದುಕೊಳ್ಳಿ" ಅಂತ. ಸಂಕೋಚ ಬೇಡ. ನಮಗೆ ಗೊತ್ತಾದರೆ ನಾವು ಮುಂದೆ ಕೂರಿಸುತ್ತೇವೆ. ಎಷ್ಟೋ ಜನ ಹೇಳುವುದೇ ಇಲ್ಲ.

---

ಕುಷ್ಟಗಿ_ಹೊಲ

ಮೇಲಿನವರು ಹೇಳಿದ್ದು ಲ್ಯಾಂಟಸ್ ಇರುವವರಿಗೆ. ನನ್ನಂಥವರಿಗೂ ಸ್ವಲ್ಪ ಹೇಳಿ. ನನಗೆ 29 ವರ್ಷ, ಟೈಪ್ 1. 30/70 ಮಿಕ್ಸ್ ಸೂಜಿ ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ. ಬಾಟಲಿಯಿಂದ ಸಿರಿಂಜಿಗೆ ಎಳೆದುಕೊಳ್ಳುತ್ತೇನೆ. ಟೆಸ್ಟ್ ದಿನ ಬೆಳಿಗ್ಗೆಯ ಸೂಜಿ ಮನೆಯಲ್ಲೇ ಹಾಕಿಕೊಂಡು ಹೋಗಬೇಕಾ? ಅದರಲ್ಲಿ ದಿನದ್ದೂ ಇದೆ, ಊಟದ್ದೂ ಇದೆ ಅಂತಾರಲ್ಲ.

---

ಲಿಂಗಸುಗೂರಿನವಳು

ಅಣ್ಣ, ಮನೆಯಲ್ಲಿ ಹಾಕಿಕೊಂಡು ಹೋಗಬೇಡಿ. ನೀವು ಹೇಳಿದ್ದು ಸರಿ, ಅದರಲ್ಲಿ ಊಟದ ಇನ್ಸುಲಿನ್ ಕೂಡ ಸೇರಿದೆ. ಊಟ ಇಲ್ಲದೆ ಹಾಕಿದರೆ ಬಸ್ಸಿನಲ್ಲೇ ಇಳಿಯುತ್ತದೆ. ನಾನು ಮಿಕ್ಸ್ ಮೇಲೆ ಇದ್ದ ವರ್ಷಗಳಲ್ಲಿ ಹಿಂದಿನ ರಾತ್ರಿಯದನ್ನು ಊಟದ ಜೊತೆ ತಪ್ಪದೆ ಹಾಕಿಕೊಳ್ಳುತ್ತಿದ್ದೆ. ಬೆಳಿಗ್ಗೆಯದನ್ನು ಜೊತೆಗೆ ಒಯ್ದು, ರಕ್ತ ಕೊಟ್ಟು, ಸೂಜಿ ಹಾಕಿಕೊಂಡು ತಿಂಡಿ ತಿನ್ನುತ್ತಿದ್ದೆ. ಮಿಕ್ಸ್‌ನಲ್ಲಿ ಎನ್‌ಪಿಎಚ್ ಭಾಗ ಇರುವುದರಿಂದ ಬೆಳಗಿನ ಜಾವ ಇಳಿಯುವ ಭಯ ಜಾಸ್ತಿ. 3 ಗಂಟೆಗೆ ಒಮ್ಮೆ ಎದ್ದು ನೋಡಿ. ನಿಮ್ಮ ಡಾಕ್ಟರನ್ನೂ ಒಮ್ಮೆ ಕೇಳಿ.

ಬ್ಯಾಗಿನಲ್ಲಿ ಒಯ್ಯುವಾಗ ಒದ್ದೆ ಬಟ್ಟೆ ಸುತ್ತಿಡಿ, ಬಸ್ಸಿನ ಕಿಟಕಿಯ ಬಿಸಿಲಿಗೆ ಇಡಬೇಡಿ. ಬಳಸುತ್ತಿರುವ ಬಾಟಲಿಗೆ 30 ಡಿಗ್ರಿಯೊಳಗೆ ತಂಪು ಬೇಕು. ನಮ್ಮ ರಾಯಚೂರಿನಲ್ಲಿ ಮೇ ತಿಂಗಳಲ್ಲಿ ಮನೆಯೊಳಗೇ ಅಷ್ಟು ಇರುವುದಿಲ್ಲ. ಅಪ್ಪ ನನ್ನ ಬಾಟಲಿಯನ್ನು ಮಣ್ಣಿನ ಗಡಿಗೆಯಲ್ಲಿ ಇಡುತ್ತಿದ್ದರು. ದೊಡ್ಡ ಗಡಿಗೆಯೊಳಗೆ ಚಿಕ್ಕದು, ನಡುವೆ ಹಸಿ ಮರಳು. ದಿನ ಎರಡು ಸಲ ಮರಳಿಗೆ ನೀರು ಹಾಕುವುದು ನನ್ನ ಕೆಲಸ. ಕರೆಂಟ್ ಹೋದರೂ ಅದು ತಂಪಾಗಿರುತ್ತಿತ್ತು.

ಒಂದು ಎಚ್ಚರಿಕೆ. ಬಾಟಲಿ 40ರದ್ದಾದರೆ (ಒಂದು ಎಂಎಲ್‌ಗೆ 40 ಯೂನಿಟ್) ಕೆಂಪು ಮುಚ್ಚಳದ ಸಿರಿಂಜೇ ಬೇಕು. ಟೆಸ್ಟ್ ದಿನದ ಗಡಿಬಿಡಿಯಲ್ಲಿ ಹೊರಗಿನ ಅಂಗಡಿಯಲ್ಲಿ 100ರ ಕಿತ್ತಳೆ ಮುಚ್ಚಳದ್ದು ಕೊಂಡರೆ ಲೆಕ್ಕ ತಪ್ಪುತ್ತದೆ. ಮನೆಯಿಂದಲೇ ಎರಡು ಇಟ್ಟುಕೊಳ್ಳಿ.

---

ಕುಷ್ಟಗಿ_ಹೊಲ

ಇಷ್ಟು ದಿನ ಮನೆಯಲ್ಲೇ ಹಾಕಿಕೊಂಡು ಹೋಗುತ್ತಿದ್ದೆ ಅಕ್ಕ. ಲ್ಯಾಬ್‌ನಲ್ಲಿ ಯಾವಾಗಲೂ ತಲೆ ತಿರುಗುತ್ತಿತ್ತು, ರಕ್ತ ನೋಡಿದ ಭಯ ಅಂತ ತಿಳಿದಿದ್ದೆ.

---

ಕಾರಟಗಿ_ಅಮ್ಮ

ಗುರುವಾರ ಬೆಳಿಗ್ಗೆ ಬರೆಯುತ್ತಿದ್ದೇನೆ. ನಿನ್ನೆ ಟೆಸ್ಟ್ ಆಯಿತು.

ಮೂರು ರಾತ್ರಿ ಎದ್ದು ನೋಡಿದೆ. ಮೊದಲನೇ ರಾತ್ರಿ 164, 121, 98. ಎರಡನೇ ರಾತ್ರಿ 181, 139, 112. ಮೂರನೇ ರಾತ್ರಿ 3 ಗಂಟೆಗೆ 82 ಬಂದು, ಅರ್ಧ ಲೋಟ ಹಾಲು ಕೊಟ್ಟೆ. ಹಾಳೆಯ ಫೋಟೋ ನರ್ಸ್‌ಗೆ ಕಳಿಸಿದೆ. ಒಂದು ಗಂಟೆಯೊಳಗೆ ಡಾಕ್ಟರೇ ಫೋನ್ ಮಾಡಿದರು. ಟೆಸ್ಟ್ ಹಿಂದಿನ ರಾತ್ರಿಗೆ ಅಷ್ಟೇ ಅಲ್ಲ, ಇನ್ನು ದಿನವೂ ಲ್ಯಾಂಟಸ್ 10 ಕೊಡಿ ಅಂದರು. ಅವನು ಬೆಳಿಗ್ಗೆ ಯಾಕೆ ಸಿಡಿಸಿಡಿ ಅನ್ನುತ್ತಿದ್ದ ಅನ್ನುವುದಕ್ಕೆ ಅದೇ ಕಾರಣ ಇರಬಹುದು ಅಂತಲೂ ಹೇಳಿದರು. ಲಿಪಿಡ್ ಬಗ್ಗೆ ಕೇಳಿದೆ. ಈ ಸಲ ಹೇಗೂ ಬೆಳಿಗ್ಗೆಯೇ ರಕ್ತ ತೆಗೆಯುತ್ತಾರೆ, ಆಗಲಿ, ಮುಂದಿನ ಸಲ ಬರೀ ಎಚ್‌ಬಿಎ1ಸಿ ಇದ್ದರೆ ತಿಂದೇ ಬನ್ನಿ ಅಂದರು.

ಬಳ್ಳಾರಿಗೆ ಖಾಲಿ ಹೊಟ್ಟೆಯಲ್ಲಿ ಹೋಗಲಿಲ್ಲ. ಗಂಗಾವತಿಯಲ್ಲಿ ಎಫ್‌ಬಿಎಸ್ ಅಲ್ಲೇ ಮಾಡುವ ಲ್ಯಾಬ್ ಸಿಕ್ಕಿತು. ಬೂದು ಮುಚ್ಚಳದ ಟ್ಯೂಬ್ ಅಂತ ಕೇಳಿದ್ದಕ್ಕೆ ಆ ಹುಡುಗ ಟ್ಯೂಬ್ ಎತ್ತಿ ತೋರಿಸಿದ. ಮನೆ ಬಿಡುವಾಗ 109, ಬಸ್ಸಿನಲ್ಲಿ 116, ಲ್ಯಾಬ್‌ನಲ್ಲಿ 128. ಏನೂ ತಿನ್ನದೆ ಏರುತ್ತಿದೆಯಲ್ಲ ಅಂತ ಗಾಬರಿಯಾಯಿತು. ಆಮೇಲೆ ಹಗೇವು ನೆನಪಾಯಿತು. ಕೌಂಟರ್‌ನಲ್ಲಿ ಟೈಪ್ 1 ಅಂತ ಜೋರಾಗಿ ಹೇಳಿದೆ. ಮೂರನೆಯವನಾಗಿ ಕರೆದರು. ಅವರ ಮಷಿನ್‌ನಲ್ಲಿ 121 ಬಂತು.

ಅತ್ತೆಯೂ ಜೊತೆಗೆ ಬಂದಿದ್ದರು. ಡಬ್ಬಿಯಲ್ಲಿ ನಾಲ್ಕು ಇಡ್ಲಿ, ಶೇಂಗಾ ಚಟ್ನಿ. ನೊವೊರಾಪಿಡ್ 4 ಹಾಕಿಕೊಂಡ. ಡಾಕ್ಟರ್ ಹೇಳಿದ ಹಾಗೆ 10 ನಿಮಿಷ ಬಿಟ್ಟು ತಿನ್ನಬೇಕಿತ್ತು. ಆ 10 ನಿಮಿಷ ಅವನು ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಮುಚ್ಚಳ ಅರ್ಧ ತೆಗೆದು, ನನ್ನ ವಾಚ್ ನೋಡುತ್ತಾ ಕೂತಿದ್ದ. ಅತ್ತೆ ಅವನ ಕೈಯಿಂದ ಪೆನ್ ಇಸಿದುಕೊಂಡು ತಿರುಗಿಸಿ ನೋಡಿ, "ಇದು ಊಟದ್ದೋ, ರಾತ್ರಿದೋ?" ಅಂತ ಕೇಳಿದರು. ಅವನು "ಊಟದ್ದು ಅಜ್ಜಿ. ರಾತ್ರಿದು ಬೇರೆ, ಅದು ಬಿಡಂಗಿಲ್ಲ" ಅಂದ.